ಮುನ್ನೂರು ಕಾಯಿಗೆ ಹೋದ ದಿನ

ಮನುಷ್ಯರ ಮೈ ಎಂದರೆ ದಯಾವತಿಗೆ ವಾಕರಿಕೆ ಬರತೊಡಗಿ ಆರು ತಿಂಗಳಾಗಿತ್ತು. ನರ್ಸಾದವಳಿಗೆ ಬರಬಾರದ ಕಾಯಿಲೆ ಇದು, ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದೂ ಅಲ್ಲ. ತಿಪಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತಾರು ವರ್ಷದಿಂದ ಕಂಡವರ ಹುಣ್ಣು ತೊಳೆದು, ಬೆಡ್‌ಪ್ಯಾನ್ ಎತ್ತಿ, ಕಫದ ಡಬ್ಬಿ ಬದಲಿಸಿದ ಹೆಂಗಸು ಅವಳು. ಆಗೆಲ್ಲ ಏನೂ ಅನ್ನಿಸಿರಲಿಲ್ಲ. ಈಗ ಥರ್ಮಾಮೀಟರ್ ಇಡಿಸಿಕೊಳ್ಳಲು ಯಾರಾದರೂ ತೋಳೆತ್ತಿದರೆ ಸಾಕು, ಹೊಟ್ಟೆಯೊಳಗಿದ್ದದ್ದು ಗಂಟಲಿಗೆ ಬರುತ್ತಿತ್ತು. ಕೊಬ್ಬರಿ ಎಣ್ಣೆ ಮೆತ್ತಿದ ತಲೆಗಳ ವಾಸನೆಯನ್ನಂತೂ ಕೇಳುವುದೇ ಬೇಡ. ಈ ಸೀಮೆಯಲ್ಲಿ ಎಣ್ಣೆ ಹಚ್ಚದ ತಲೆಯನ್ನು ಎಲ್ಲಿಂದ ತರುವುದು? ದಿಂಬಿನ ಮೇಲೆ, ಗೋಡೆಯ ಮೇಲೆ, ಕುರ್ಚಿಯ ಬೆನ್ನಿನ ಮೇಲೆ, ಎಲ್ಲಿ ನೋಡಿದರೂ ಒಂದೊಂದು ತಲೆಯ ಜಿಡ್ಡಿನ ಗುರುತು. ದಯಾವತಿ ಉಗುಳು ನುಂಗಿಕೊಂಡು ನಗುತ್ತಿದ್ದಳು. ಆ ನಗು ಕಂಡರೂ ಅವಳಿಗೆ ಅಸಹ್ಯವೇ.

ಡಾಕ್ಟರ ಹತ್ತಿರ ಒಮ್ಮೆ ಬಾಯಿಬಿಟ್ಟಿದ್ದಳು. ಅವರು ಕತ್ತೆತ್ತದೆ, "ವಯಸ್ಸಿನ ಏರುಪೇರು ಸಿಸ್ಟರ್, ಕಬ್ಬಿಣದ ಮಾತ್ರೆ ತಗೊಳ್ಳಿ" ಎಂದರು. ತಗೊಂಡಳು. ಅದೂ ವಾಕರಿಕೆ ಬರಿಸಿತು.

ಅವಳಿಗೆ ನಲವತ್ತೆಂಟು ವಯಸ್ಸು. ಅಪ್ಪ ದೇವದಾನಪ್ಪ ತುರುವೇಕೆರೆ ಕಡೆ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದವರು. ಸೈಕಲ್ ಹತ್ತಿ ಮಾಯಸಂದ್ರ, ದಂಡಿನಶಿವರ ಎಂದು ಸುತ್ತಿ, ನಾಲ್ಕು ಮನೆ ಇದ್ದಲ್ಲಿ ನಾಲ್ಕು ಮನೆಯವರಿಗೆ, ಒಂದು ಮನೆ ಇದ್ದಲ್ಲಿ ಒಂದು ಮನೆಯವರಿಗೆ ಪ್ರಾರ್ಥನೆ ಮಾಡಿ ಬರುತ್ತಿದ್ದರು. ದಣಿವು ಎನ್ನುವುದು ಸೈತಾನನು ಕಿವಿಯಲ್ಲಿ ಊದುವ ಮಾತು ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದರು. ಐವತ್ತೆಂಟಕ್ಕೆ ಸೈಕಲ್ ಮೇಲಿಂದಲೇ ಬಿದ್ದು ಹೋದರು. ಮಣ್ಣು ಮಾಡುವಾಗ ಜನ, "ಕೊನೇ ಉಸಿರಿನ ತನಕ ದೇವರ ಸೇವೆ ಮಾಡಿದ ಮಾರಾಯ" ಎಂದು ಕೊಂಡಾಡಿದ್ದರು. ಆಗ ದಯಾವತಿಯ ಎದೆ ಉಬ್ಬಿತ್ತು. ತಾಯಿ ಮೊದಲೇ ಇರಲಿಲ್ಲ. ಇಬ್ಬರು ತಮ್ಮಂದಿರನ್ನು ಓದಿಸಿ, ಮದುವೆ ಮಾಡಿ, ಹಾಸನಕ್ಕೊಬ್ಬನನ್ನು ಮೈಸೂರಿಗೊಬ್ಬನನ್ನು ದಾಟಿಸುವ ಹೊತ್ತಿಗೆ ತನ್ನ ಮದುವೆಗೆ ಪುರುಸೊತ್ತಾಗಲಿಲ್ಲ. ತಮ್ಮಂದಿರು ಈಗ ಫೋನ್ ಮಾಡುವುದು ಯಾವ ಜ್ವರಕ್ಕೆ ಯಾವ ಮಾತ್ರೆ ಎಂದು ಕೇಳಲು ಮಾತ್ರ.

ಮದುವೆಯಾಗದ ನರ್ಸು ಎಂದರೆ ಊರಿನ ಆಸ್ತಿ. ಬೆಳಿಗ್ಗೆ ಹಲ್ಲುಜ್ಜುವಾಗ ಯಾರೋ ಇಂಜೆಕ್ಷನ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಊಟಕ್ಕೆ ಕೂತರೆ ಒಬ್ಬ ಬಂದು, ಮಲ ಯಾವ ಬಣ್ಣ ಇದೆ ಎಂದು ಸವಿಸ್ತಾರವಾಗಿ ವರ್ಣಿಸುತ್ತಿದ್ದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಸೆರಗು ಸರಿಸಿ ಗಂಟು ತೋರಿಸುತ್ತಿದ್ದಳು. ಯಾರೊಬ್ಬರೂ, ಒಬ್ಬರಾದರೂ, "ನೀನು ಹೇಗಿದ್ದೀಯಮ್ಮ" ಎಂದು ಕೇಳಿದ್ದುಂಟೇ?

ಇಷ್ಟಾದರೂ ಅವಳು ತಾಳಿಕೊಂಡಿದ್ದು ಸಭೆಯ ಮುಖ ನೋಡಿಕೊಂಡು. ಹೊನ್ನವಳ್ಳಿ ರಸ್ತೆಯಲ್ಲಿ ತಗಡಿನ ಚಾವಣಿಯ ಒಂದು ಸಣ್ಣ ದೇವಾಲಯ, ಮೂವತ್ತು ಮನೆಯ ಸಭೆ. ಹೆಚ್ಚಿನವರು ಬೇರೆಯವರ ತೋಟದಲ್ಲಿ ಕಾಯಿ ಸುಲಿಯುವವರು, ಕೊಬ್ಬರಿ ಬಿಡಿಸುವವರು, ಕಾವಲು ಕಾಯುವವರು. ಪ್ರತಿ ಜನವರಿಯಲ್ಲಿ ಅಲ್ಲಿ ಸುಗ್ಗಿ ಆರಾಧನೆ ನಡೆಯುತ್ತದೆ. ಕುಂಬಳಕಾಯಿ, ರಾಗಿ, ಹುಂಜ, ಬೆಲ್ಲ, ತಂದದ್ದನ್ನೆಲ್ಲ ದೇವರ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಇದು ಎಲ್ಲ ಕಡೆ ಇರುವುದೇ. ಈ ಸಭೆಯ ರೂಢಿ ಎರಡು ವಿಷಯದಲ್ಲಿ ಬೇರೆ. ಕೂಗುವುದು ದುಡ್ಡಿನಲ್ಲಲ್ಲ, ತೆಂಗಿನಕಾಯಿಯಲ್ಲಿ. ಎರಡನೆಯದು, ಬೆಳೆ ಇಲ್ಲದವರು ಒಂದು ದಿನವನ್ನು ಕೊಡಬಹುದು. ಚೀಟಿಯಲ್ಲಿ ಹೆಸರು ಬರೆದು ತಟ್ಟೆಗೆ ಹಾಕಿದರಾಯಿತು. ಬಡಗಿ ಒಂದು ದಿನ, ದರ್ಜಿ ಒಂದು ದಿನ. ಹರಾಜಿನಲ್ಲಿ ಹಿಡಿದವರು ಆ ದಿನ ಏನು ಹೇಳುತ್ತಾರೋ ಅದನ್ನು ಮಾಡಿಕೊಡಬೇಕು. ಕಾಯಿಯೆಲ್ಲ ಸಭೆಗೆ ಸೇರುತ್ತದೆ.

ದಯಾವತಿಯ ದಿನಕ್ಕೆ ಇದ್ದಷ್ಟು ಗಿರಾಕಿ ಹುಂಜಕ್ಕೂ ಇರುತ್ತಿರಲಿಲ್ಲ. ಹೋದ ವರ್ಷ ಅದನ್ನು ಹಿಡಿದವಳು ಹೆಂಗಸರ ಸಂಘದ ಕಾರ್ಯದರ್ಶಿ ಆಶಾ. ಅತ್ತೆಯ ಬೆನ್ನಿನ ಹುಣ್ಣು ತೊಳೆಸಿ, ಮಾವನ ಕಿವಿಯ ಗುಗ್ಗೆ ತೆಗೆಸಿ, ಬೀದಿಯವರಿಗೆಲ್ಲ ಬಿ.ಪಿ. ನೋಡಿಸಿ, ಸಂಜೆ ನಲವತ್ತು ಜನಕ್ಕೆ ವಡೆ ಕರಿಸಿ, ಕೊನೆಗೆ ದಯಾವತಿಗೆ ಎರಡು ತಣ್ಣನೆಯ ವಡೆ ಕಟ್ಟಿಕೊಟ್ಟು, "ದೇವರು ನಿಮಗೆ ಎಂಥಾ ಶಕ್ತಿ ಕೊಟ್ಟಿದಾನೆ ಅಕ್ಕ" ಎಂದಿದ್ದಳು. ಆ ವಡೆಯನ್ನು ದಯಾವತಿ ದಾರಿಯಲ್ಲಿ ನಾಯಿಗೆ ಹಾಕಿದಳು.

ಈ ವರ್ಷ ಚೀಟಿ ಹಾಕುವುದಿಲ್ಲ ಎಂದು ನಿಶ್ಚಯಿಸಿಕೊಂಡೇ ಹೋಗಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಆಶಾ ಓಡಿ ಬಂದಳು.

"ನಿಮ್ಮ ಚೀಟಿ ನಾನೇ ಬರ್ದು ತಟ್ಟೆಗೆ ಹಾಕ್ಬಿಟ್ಟೆ ಕಣಕ್ಕ. ಪಾಪ, ನಿಮಗೆ ಪುರುಸೊತ್ತೆಲ್ಲಿರುತ್ತೆ!"

ದಯಾವತಿಗೆ ಆ ಕ್ಷಣ ಏನೋ ಕಡಿದು ಬಿದ್ದ ಹಾಗಾಯಿತು. ಆರಾಧನೆಯುದ್ದಕ್ಕೂ ಅವಳು ಒಂದು ಹಾಡನ್ನೂ ಹಾಡಲಿಲ್ಲ. ಕೂತು ಯೋಚಿಸಿದಳು. ಇದೇ ಕೊನೆ. ಈ ಒಂದು ದಿನ ಯಾರದೋ ಪಾಲಿಗೆ ಹೋಗಲಿ, ಮಾಡಿ ಮುಗಿಸುತ್ತೇನೆ. ಆಮೇಲೆ ಈ ಸಭೆಗೆ ಕಾಲಿಡುವುದಿಲ್ಲ. ನರ್ಸಿಂಗ್ ಹೋಮಿಗೆ ಕೊಡಬೇಕಾದ ರಾಜೀನಾಮೆ ಪತ್ರ ವ್ಯಾನಿಟಿ ಬ್ಯಾಗಿನಲ್ಲಿ ಎರಡು ವಾರದಿಂದ ಮಡಚಿಕೊಂಡು ಕೂತಿದೆ, ಅದನ್ನೂ ಕೊಡುತ್ತೇನೆ. ಇನ್ನು ಯಾರ ಮೈಯನ್ನೂ ಮುಟ್ಟುವುದಿಲ್ಲ. ದೇವರು ಇಂಥ ಕೆಲಸಗಳ್ಳರ ಧಣಿಯಾದರೆ ಅವನೂ ನನಗೆ ಬೇಡ. ಹೀಗೆಲ್ಲ ಯೋಚಿಸಿದ್ದಕ್ಕೆ ಅವಳಿಗೆ ಭಯವೂ ಆಯಿತು. ತನ್ನ ಒಳಗೆ ಕರುಣೆ ಎಂಬುದು ಸತ್ತೇ ಹೋಗಿದೆಯೋ ಏನೋ ಎಂಬ ಭಯ ಅದು.

ಹರಾಜು ಕೂಗುವವನು ಗಂಗರಾಜು. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತು ಗಂಟಲು ದೊಡ್ಡದು ಮಾಡಿಕೊಂಡವನು. ಕುಂಬಳ, ಬೆಲ್ಲ, ಹುಂಜ ಎಲ್ಲ ಮುಗಿದ ಮೇಲೆ ಚೀಟಿ ಎತ್ತಿ, "ದಯಾ ಸಿಸ್ಟರ ದಿನ ಕಣ್ರಪ್ಪೋ! ಯಾರ್ ಬೋಣಿ ಮಾಡ್ತೀರಿ?" ಎಂದು ಕೂಗಿದ. ಜನ ಬೆಂಚು ಎಳೆದುಕೊಂಡು ಮುಂದಕ್ಕೆ ಬಂದರು.

ಆಶಾ ನಲವತ್ತು ಕಾಯಿ ಎಂದಳು. ಹೆಂಡತಿಗೆ ಮಂಡಿನೋವಿದ್ದ ಲಕ್ಕಯ್ಯ ಐವತ್ತು ಎಂದ. ಆಶಾ ಅರವತ್ತು ಎಂದಳು, ಲಕ್ಕಯ್ಯ ಎಪ್ಪತ್ತು ಎಂದ. ಇಬ್ಬರೂ ಪಟ್ಟು ಬಿಡುವವರಲ್ಲ. ದಯಾವತಿ ಬೇವಿನ ಮರದಡಿ ನಿಂತು, ಸಂತೆಯಲ್ಲಿ ಎಮ್ಮೆಯ ಹಲ್ಲು ಹಿಡಿದು ನೋಡುವವರನ್ನು ನೋಡುವ ಹಾಗೆ ಇವರನ್ನು ನೋಡುತ್ತಿದ್ದಳು.

ಹಿಂದಿನಿಂದ ಒಂದು ಗೊಗ್ಗರು ದನಿ, "ಮುನ್ನೂರು" ಎಂದಿತು.

ಎಲ್ಲರೂ ತಿರುಗಿದರು. ಹೇಳಿದವನು ದುರ್ಗಯ್ಯ. ಬಸವರಾಜಪ್ಪನವರ ತೋಟದ ಕಾವಲುಗಾರ, ಎಪ್ಪತ್ತು ದಾಟಿದ ಮುದುಕ. ನಲವತ್ತು ವರ್ಷದ ಹಿಂದೆ ದೇವದಾನಪ್ಪನವರ ಮಾತು ಕೇಳಿ ಸಭೆ ಸೇರಿದವನು. ಹೆಸರು ಬದಲಿಸಿಕೋ ಎಂದಾಗ, "ಹಳೇ ಹೆಸರಲ್ಲೇ ಸ್ವಾಮಿ ಗುರುತು ಹಿಡೀತಾನೆ ಬುಡಿ" ಎಂದಿದ್ದನಂತೆ. ಅವನ ಎಡಗಾಲಿನಲ್ಲಿ ವರ್ಷಗಟ್ಟಲೆಯಿಂದ ವಾಸಿಯಾಗದ ಒಂದು ಹುಣ್ಣಿತ್ತು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿ ಅದನ್ನು ತೊಳೆದು ಬಟ್ಟೆ ಕಟ್ಟುತ್ತಿದ್ದವಳು ದಯಾವತಿ.

"ತಮಾಷೆ ಅಲ್ಲ ಕಣ್ ತಾತ" ಎಂದ ಗಂಗರಾಜು.

"ನಾನೇನ್ ನಗ್ತಾ ಇದೀನಾ? ಮುನ್ನೂರು. ಬರ್ಕೋ."

ಒಂದು ಸಲ, ಎರಡು ಸಲ, ಮೂರು ಸಲ. ಮುಗಿಯಿತು. ವಾರಕ್ಕೆ ಹತ್ತು ನಿಮಿಷ ಆ ಹುಣ್ಣಿನ ಮುಂದೆ ಉಸಿರು ಬಿಗಿಹಿಡಿದು ಕೂರುವುದೇ ದಯಾವತಿಗೆ ನರಕವಾಗಿತ್ತು. ಈಗ ಇಡೀ ದಿನ. ಮುದುಕ ಲೆಕ್ಕಾಚಾರದವನೇ ಸರಿ, ಒಂದೇ ದಿನದಲ್ಲಿ ವಾಸಿ ಮಾಡಿಸಿಕೊಳ್ಳಬೇಕೆಂದಿರಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡಳು.

ಅವಳ ವಾರದ ರಜೆ ಬುಧವಾರ. ಬೆಳಿಗ್ಗೆ ಏಳಕ್ಕೇ ಗ್ಲೌಸು, ಮಾಸ್ಕು, ಹತ್ತಿ, ಡೆಟಾಲು, ಸಲೈನ್ ಬಾಟಲಿ, ಕುಡಿಯಲು ಮನೆಯ ನೀರು, ಎಲ್ಲವನ್ನೂ ತುಂಬಿಕೊಂಡು ಸ್ಕೂಟರಿನಲ್ಲಿ ತೋಟಕ್ಕೆ ಹೋದಳು. ಕುಡಿಯುವ ನೀರನ್ನು ಮರೆಯದೆ ತಂದದ್ದಕ್ಕೆ ಕಾರಣವಿತ್ತು. ದುರ್ಗಯ್ಯನ ಗುಡಿಸಲಿನ ಮಣ್ಣಿನ ಮಡಕೆ, ಅದರ ಮೇಲೆ ಬೋರಲು ಹಾಕಿದ ಅಲ್ಯೂಮಿನಿಯಂ ಲೋಟ, ಎರಡನ್ನೂ ಅವಳು ಮುಂಚೆ ಕಂಡಿದ್ದಳು. ಲೋಟದ ಅಂಚಿಗೆ ಎಲೆಅಡಿಕೆಯ ಕೆಂಪು ಅಂಟಿಕೊಂಡು, ತಳ ಕಪ್ಪಿಟ್ಟಿತ್ತು.

ಗುಡಿಸಲಿನ ಜಗಲಿ ಗುಡಿಸಿತ್ತು. ಮೇಲೆ ಒಂದು ಚಾಪೆ, ಒಂದು ದಿಂಬು. ದುರ್ಗಯ್ಯ ಕೋಲೂರಿಕೊಂಡು ಎದ್ದು ನಿಂತ.

"ಬಂದಾ ಅವ್ವ? ಕೂತ್ಕೋ."

ದಯಾವತಿ ಮಾಸ್ಕು ಏರಿಸಿ, ಗ್ಲೌಸು ಹಾಕಿಕೊಂಡು, "ಕಾಲು ಚಾಚಿ ತಾತ" ಎಂದಳು.

"ಕಾಲು ಯಾಕೆ? ಅದ್ರ ಪಾಡಿಗೆ ಅದೈತೆ. ನೀನು ಕೂತ್ಕೋ ಅಂದೆ."

"ಮತ್ತೆ ನಾನು ಏನು ಮಾಡ್ಬೇಕು?"

"ಏನೂ ಮಾಡ್ಬ್ಯಾಡ. ಅದ್ಕೇ ಕರ್ದಿದ್ದು. ಕೂತ್ಕೋ, ಮಲಿಕ್ಕೋ, ಹಸಿವಾದ್ರೆ ಮುದ್ದೆ ಐತೆ. ಸಂಜಿಗಂಟ ನೀನು ಯಾವ ಕೆಲ್ಸನೂ ಮುಟ್ಟಂಗಿಲ್ಲ."

ಅವಳಿಗೆ ಉರಿದು ಹೋಯಿತು. ಮುದುಕನಿಗೆ ಅರಳುಮರಳೇ? ಇರುವುದೊಂದು ರಜೆ, ಮನೆಯಲ್ಲಿ ತೊಳೆಯದ ಬಟ್ಟೆ ರಾಶಿ ಬಿದ್ದಿದೆ, ಈ ಕೊಳಕು ಜಗಲಿಯ ಮೇಲೆ ಬಂದು ಕೂರಲು ಅಷ್ಟು ದೂರದಿಂದ ಬರಬೇಕಿತ್ತೇ? ಬ್ಯಾಗು ಹೆಗಲಿಗೇರಿಸಿ, "ನಾನು ಬತ್ತೀನಿ ತಾತ, ನನಗೆ ಕೆಲಸ ಇದೆ" ಎಂದಳು.

"ಹೋಗು. ಆದ್ರೆ ಒಂದ್ಸಲ ಮ್ಯಾಲ್ ನೋಡ್ಬುಟ್ಟು ಹೋಗು."

ಬಾಗಿಲೊಳಗೆ ಇಣುಕಿ ಅಟ್ಟ ನೋಡಿದಳು. ಬೊಂಬಿನ ಅಟ್ಟ ಹೊಗೆ ಹಿಡಿದು ಕಪ್ಪಗೆ, ಬರಿದಾಗಿ ನಿಂತಿತ್ತು. ಬಸವರಾಜಪ್ಪನವರು ಕಾವಲಿನವನ ಪಾಲಿಗೆಂದು ಬಿಟ್ಟ ನಾಲ್ಕು ಮರದ ಕಾಯಿ ಅಲ್ಲಿರಬೇಕಿತ್ತು. ಕಾಯಿ ಅಟ್ಟಕ್ಕೆ ಹಾಕಿ ಹನ್ನೊಂದು ತಿಂಗಳು ಯಾರೂ ಮುಟ್ಟದೆ ಬಿಟ್ಟರೆ ಒಳಗೇ ಒಣಗಿ, ಅಲುಗಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಇನ್ನು ಹದಿನೈದು ದಿನ ಕಳೆದಿದ್ದರೆ ಮುದುಕ ಸುಲಿಸಿ ಮಂಡಿಗೆ ಹಾಕುತ್ತಿದ್ದ. ಆ ಒಂದು ವರ್ಷವನ್ನು ಅವನು ಭಾನುವಾರವೇ ಗಾಡಿಗೆ ತುಂಬಿ ದೇವಾಲಯಕ್ಕೆ ಸಾಗಿಸಿಬಿಟ್ಟಿದ್ದ.

ದಯಾವತಿ ವಾಪಸು ಬಂದು ಚಾಪೆಯ ಮೇಲೆ ದೊಪ್ಪನೆ ಕೂತಳು. ಕೃತಜ್ಞತೆಯಿಂದ ಕೂತಳೆಂದು ತಿಳಿಯಬೇಡಿ, ಸಿಟ್ಟಿನಿಂದ ಕೂತಳು. ತನ್ನನ್ನು ಹೀಗೆ ಕಟ್ಟಿಹಾಕಿದ್ದಕ್ಕೆ.

ಸುಮ್ಮನೆ ಕೂರುವುದು ಅಷ್ಟು ಹೊಲಸು ಕೆಲಸ ಎಂದು ಅವಳಿಗೆ ಗೊತ್ತಿರಲಿಲ್ಲ. ನೊಣ ಬಂದು ಮುಖದ ಮೇಲೆ ಕೂತಿತು. ಗುಡಿಸಲ ಮೂಲೆಯಲ್ಲಿ ಯಾವುದೋ ಕೆಟ್ಟ ಕೊಬ್ಬರಿ ಬಿದ್ದಿತ್ತು, ಅದರ ಕೌಟು ವಾಸನೆ ಗಾಳಿ ಬಂದಾಗಲೆಲ್ಲ ಮೂಗಿಗೆ ಬಡಿಯುತ್ತಿತ್ತು. ಮೇಕೆ ಹಿಕ್ಕೆ, ಬೀಡಿಯ ತುಂಡು, ಇರುವೆ. ತನ್ನ ಮೈಯಿಂದಲೇ ಆಸ್ಪತ್ರೆಯ ಫಿನಾಯಿಲ್ ವಾಸನೆ ಬರುತ್ತಿರುವುದು ಮೊದಲ ಬಾರಿಗೆ ಗೊತ್ತಾಯಿತು. ಛೀ ಎನ್ನಿಸಿತು. ಅರ್ಧ ಗಂಟೆಯಲ್ಲಿ ಫೋನು ಆರು ಸಲ ಬಡಿದುಕೊಂಡಿತು. ಏಳನೆಯ ಸಲಕ್ಕೆ ದುರ್ಗಯ್ಯ ಕೈಚಾಚಿ ಅದನ್ನು ಎತ್ತಿಕೊಂಡು, ಸೂರಿಗೆ ತೂಗುಹಾಕಿದ್ದ ಬುಟ್ಟಿಯನ್ನು ಕೋಲಿನಿಂದ ಕೆಳಗಿಳಿಸಿ, ಅದರೊಳಗಿಟ್ಟು, ಬುಟ್ಟಿಯನ್ನು ಮತ್ತೆ ಮೇಲಕ್ಕೆ ಏರಿಸಿಬಿಟ್ಟ.

"ಅಯ್ಯೋ! ಅರ್ಜೆಂಟ್ ಕೇಸ್ ಇದ್ರೆ?"

"ಆಸ್ಪತ್ರೇಲಿ ನಿನ್ನ ಬುಟ್ರೆ ಇನ್ಯಾರೂ ಇಲ್ವಾ?"

ಇದ್ದರು. ಒಂಬತ್ತು ಜನ ಇದ್ದರು.

ಹತ್ತು ಗಂಟೆಗೆ ಬೇಲಿಯ ಹೊರಗೆ ಸ್ಕೂಟರ್ ನಿಂತ ಸದ್ದು. ಆಶಾಳ ದನಿ. "ತಾತ, ದಯಕ್ಕನ್ನ ಅರ್ಧ ಗಂಟೆ ಕಳಿಸ್ಕೊಡು. ನಮ್ಮತ್ತೆಗೆ ಶುಗರ್ ನೋಡ್ಬೇಕು. ಫೋನೇ ಎತ್ತಲ್ಲ ಅಕ್ಕ."

ದುರ್ಗಯ್ಯ ಮಚ್ಚು ಹಿಡಿದೇ ಗೇಟಿಗೆ ಹೋದ. ಎಳನೀರು ಕೆತ್ತಲೆಂದು ತೆಗೆದಿಟ್ಟುಕೊಂಡಿದ್ದ ಮಚ್ಚು ಅದು.

"ಆಯಮ್ಮನ ದಿನ ಇವತ್ತು ನಂದು ಕಣವ್ವ."

"ಗೊತ್ತು ತಾತ, ಅರ್ಧ ಗಂಟೆ ಅಷ್ಟೇ."

"ನೀನು ಹೋದ್ವರ್ಷ ಹಿಡ್ದಾಗ ನಾನೇನಾದ್ರೂ ಅರ್ಧ ಗಂಟೆ ಕೇಳಿದ್ನಾ?"

"ಏನ್ ಮಾಡ್ತಾ ಇದಾರೆ ಅಕ್ಕ ಒಳಗೆ?"

"ನಾನ್ ಹೇಳಿದ್ ಕೆಲ್ಸ ಮಾಡ್ತಾ ಅವ್ಳೆ. ಹೋಗು."

ಸ್ಕೂಟರ್ ಗೊಣಗಿಕೊಂಡು ಹೋಯಿತು. ದಯಾವತಿ ಚಾಪೆಯ ಮೇಲೆ ಅಲ್ಲಾಡದೆ ಕೂತಿದ್ದಳು. ನಲವತ್ತೆಂಟು ವರ್ಷದಲ್ಲಿ ತನ್ನ ಪರವಾಗಿ ಯಾರೋ ಒಬ್ಬರು ಇನ್ನೊಬ್ಬರಿಗೆ ಆಗುವುದಿಲ್ಲ ಎಂದದ್ದನ್ನು ಅವಳು ಕೇಳಿದ್ದು ಇದೇ ಮೊದಲು. ತಲೆಯನ್ನು ದಿಂಬಿಗೆ ಇಟ್ಟಳು. ದಿಂಬು ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಸರಿಸಬೇಕು ಎಂದುಕೊಂಡಳು. ಅಷ್ಟರಲ್ಲಿ ನಿದ್ದೆ ಬಂದಿತ್ತು.

ಎಚ್ಚರವಾದಾಗ ಬಿಸಿಲು ಪಡುವಣಕ್ಕೆ ವಾಲಿತ್ತು. ಬಾಯಿ ಒಣಗಿ, ಕೆನ್ನೆಯ ಮೇಲೆ ಜೊಲ್ಲು ಹರಿದು, ಚಾಪೆಯ ಗೆರೆಯೆಲ್ಲ ತೋಳಿನಲ್ಲಿ ಮೂಡಿತ್ತು. ನಾಲ್ಕು ಮಾರು ಆಚೆ ದುರ್ಗಯ್ಯ ಮೇಕೆಯ ಗೂಟದ ಹತ್ತಿರ ಕೂತು ತನ್ನ ಹುಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಳ್ಳುತ್ತಿದ್ದ. ಹಳೆಯ ಪಂಚೆಯ ಚೂರು, ಕೊಳಕು ಗಂಟು. ನರ್ಸಿನ ಕಣ್ಣಿಗೆ ಅದನ್ನು ನೋಡಲಾಗಲಿಲ್ಲ. ಎದ್ದು ಹೋದಳು.

"ಕೊಡಿ ಇಲ್ಲಿ. ಹೀಗೆ ಕಟ್ಟಿದ್ರೆ ಕೀವಾಗುತ್ತೆ."

ದುರ್ಗಯ್ಯ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಬ್ಯಾಡ ಕಣವ್ವ."

"ಯಾಕೆ?"

ಮುದುಕ ಸ್ವಲ್ಪ ಹೊತ್ತು ಗಂಟಿನ ಜೊತೆಗೇ ಒದ್ದಾಡಿದ. ಆಮೇಲೆ ಹೇಳಿದ. "ನಿನ್ ಕೈಗೆ ನನ್ ಕಾಲು ಕಂಡ್ರೆ ಅಸಹ್ಯ. ಮಾಸ್ಕ್ ಹಾಕ್ಕೊಂಡ್ರೆ ಮುಖ ಮುಚ್ಚಿಕೊಳ್ತದೆ, ಕೈ ಮುಚ್ಚಿಕೊಳ್ತದಾ? ಕಾಲಿಗೆ ಗೊತ್ತಾಯ್ತದೆ. ಆರು ತಿಂಗಳಿಂದ ಗೊತ್ತಾಯ್ತಾ ಐತೆ. ಮುಂಚೆ ಹಂಗಿರಲಿಲ್ಲ ನಿನ್ ಕೈ."

ದಯಾವತಿಯ ಮುಖಕ್ಕೆ ರಪ್ಪನೆ ಹೊಡೆದ ಹಾಗಾಯಿತು. ಡಾಕ್ಟರಿಗೆ ಕಾಣದ್ದು, ಸಭೆಗೆ ಕಾಣದ್ದು, ಒಡಹುಟ್ಟಿದವರಿಗೆ ಕಾಣದ್ದು ಈ ಕೊಳೆತ ಕಾಲಿಗೆ ಕಂಡಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಜಗಲಿಗೆ ವಾಪಸು ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಬೈಕಂಡು ಯೋಳ್ತಾ ಇಲ್ಲ" ಎಂದ ದುರ್ಗಯ್ಯ. "ನಿಮ್ಮಪ್ಪನ್ನ ನಾನು ಕಣ್ಣಾರ ಕಂಡೋನು. ಅವರೂ ಕೊನೇಗೆ ಹಿಂಗೇ ಆಗಿದ್ರು. ನಮ್ ತಲೆ ಮ್ಯಾಲೆ ಕೈ ಇಟ್ಟು ಪ್ರಾರ್ಥನೆ ಮಾಡೋರು, ಕೈ ಮಾತ್ರ ಯಾವಾಗ ತೆಗೀಲಿ ಅಂತಿತ್ತು. ಯಾರೂ ಅವರ್ನ ಕೂರ್ಸಲಿಲ್ಲ. ನಾನೂ ಕೂರ್ಸಲಿಲ್ಲ."

ಅವಳು ಸೆರಗು ತೆಗೆಯಲಿಲ್ಲ.

"ಯೇಸುಸ್ವಾಮಿ ಬಾವಿ ಹತ್ರ ಒಬ್ಬ ಹೆಂಗಸಿನ ಜೊತೆ ಮಾತಾಡಿದ ಕತೆ ಯೋಳೋರು ನಿಮ್ಮಪ್ಪ. ಸ್ವಾಮಿ ನಡ್ದು ನಡ್ದು ದಣಿದು ಬಾವಿ ಕಟ್ಟೆ ಮ್ಯಾಲೆ ಕೂತ ಅಂತ ಸುರು ಮಾಡೋರು. ಆ ಒಂದು ಮಾತು ಯೋಳಿ ಮುಂದಕ್ಕೆ ಓಡ್ಬುಡೋರು, ಹೆಂಗಸಿನ ಪಾಪ, ಊರಿನೋರು, ಅದೂ ಇದೂ. ನಾನು ಮಾತ್ರ ಅವರ ಹಿಂದೆ ಹೋಗ್ಲಿಲ್ಲ ಕಣವ್ವ. ಆ ಕಟ್ಟೆ ಮ್ಯಾಲೇ ಕೂತ್ಬುಟ್ಟೆ. ದೇವರಾದೋನು ದಣಿದು ಕೂತವ್ನೆ. ಬಿಸಿಲೊತ್ತು. ಆ ಯಮ್ಮನೋ, ಮುಟ್ಟಿಸ್ಕೊಳ್ಳದ ಜಾತಿಯೋಳು. ಅವ್ಳ ಹತ್ರ ಸ್ವಾಮಿ ಬಾಯ್ಬುಟ್ಟು ನೀರು ಕೇಳ್ದ. ನಾನೇ ಸೇದ್ಕೋತೀನಿ ಬುಡು ಅನ್ನಲಿಲ್ಲ. ಅವನೇ ಕೂತವ್ನೆ, ನೀನ್ಯಾರು ಕೂರದೇ ಇರಾಕೆ?"

ದಯಾವತಿ ಈ ಕತೆಯನ್ನು ನೂರು ಸಲ ಕೇಳಿದ್ದಳು. ಅವಳೂ ಪ್ರತಿ ಸಲ ಅಪ್ಪನ ಹಿಂದೆಯೇ ಓಡಿದ್ದಳು.

ಸೆರಗಿನೊಳಗೇ ಪ್ರಾರ್ಥನೆ ಮಾಡಿದಳು. ಅವಳ ಪ್ರಾರ್ಥನೆ ಎಂದರೆ ಯಾವಾಗಲೂ ರೋಗಿಗಳ ಪಟ್ಟಿ. ಇವತ್ತು ಪಟ್ಟಿ ನೆನಪಿಗೆ ಬರಲಿಲ್ಲ. ಸ್ವಾಮಿ, ನನಗೆ ಎಲ್ಲರ ಮೇಲೂ ಅಸಹ್ಯ ಬಂದಿದೆ, ನಿನ್ನ ಮೇಲೂ ಬಂದಿದೆ, ನನ್ನ ಕೈಲಿ ಇನ್ನು ಆಗುವುದಿಲ್ಲ ಎಂದಳು. ಅಷ್ಟೇ ಪ್ರಾರ್ಥನೆ. ಆಕಾಶವೇನೂ ಬಿರಿಯಲಿಲ್ಲ. ಮೇಕೆ ಕೂಗಿತು, ಯಾವುದೋ ಮರದಿಂದ ಒಣಗಿದ ಗರಿ ಜಾರಿ ಬಿತ್ತು. ಆದರೆ ಅಷ್ಟು ಕೆಟ್ಟ ಮಾತು ಹೇಳಿದ ಮೇಲೂ ಯಾರೂ ಅವಳನ್ನು ಆ ಜಗಲಿಯಿಂದ ಎಬ್ಬಿಸಲಿಲ್ಲ. ಬಾವಿ ಕಟ್ಟೆಯ ಆ ದಣಿದವನೇ ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟು ಸುಮ್ಮನೆ ಕೂತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಕೆಲಸ ಹೇಳಲು ಬಂದವನಲ್ಲ. ಅವನೂ ಸುಧಾರಿಸಿಕೊಳ್ಳುತ್ತಿದ್ದ. ಅವಳ ಹೆಗಲು ತಾನಾಗಿ ಕೆಳಗಿಳಿಯಿತು. ಇಷ್ಟು ವರ್ಷ ಅದು ಮೇಲಕ್ಕೆ ಸೆಟೆದುಕೊಂಡೇ ಇತ್ತೆಂದು ಆಗ ಗೊತ್ತಾಯಿತು.

ಬಾಯಾರಿಕೆ ವಿಪರೀತವಾಗಿತ್ತು. ಬ್ಯಾಗಿನಲ್ಲಿದ್ದ ಬಾಟಲಿ ಬೆಳಿಗ್ಗೆಯೇ ಖಾಲಿಯಾಗಿತ್ತು. ಮೂವತ್ತು ಹೆಜ್ಜೆ ಆಚೆ ಬೋರ್‌ವೆಲ್ಲಿನ ತೊಟ್ಟಿ, ಎದ್ದು ಹೋಗಿ ತುಂಬಿಕೊಂಡರಾಯಿತು. ಕಾಲು ಏಳಲು ಹೊರಟಿತ್ತು ಕೂಡ. ಅವಳು ಕಾಲನ್ನು ಮಡಚಿಕೊಂಡಳು.

"ತಾತ, ಒಂದು ಲೋಟ ನೀರು ಕೊಡಿ" ಎಂದಳು. ಯಾರನ್ನೂ ಏನನ್ನೂ ಕೇಳಿ ರೂಢಿಯಿಲ್ಲದ ದನಿ, ಕರ್ಕಶವಾಗಿ ಬಂತು.

ದುರ್ಗಯ್ಯ ಕೋಲೂರಿ ಎದ್ದ. ಕೊಳಕು ಗಂಟಿನ ಕಾಲನ್ನು ಎಳೆದುಕೊಂಡು ಒಳಗೆ ಹೋದ, ಮಡಕೆಯೊಳಗೆ ಲೋಟ ಅದ್ದಿದ, ಅರ್ಧ ಚೆಲ್ಲಿಕೊಂಡು ಬಂದ. ಅವನು ಅಷ್ಟು ದೂರ ಕುಂಟುವುದನ್ನು ದಯಾವತಿ ಕೂತೇ ನೋಡಿದಳು. ಎದ್ದು ಕಸಿದುಕೊಳ್ಳಲಿಲ್ಲ. ಅದು ಆ ದಿನದ ಅತ್ಯಂತ ಕಷ್ಟದ ಕೆಲಸವಾಗಿತ್ತು.

ಲೋಟದ ಅಂಚಿನಲ್ಲಿ ಎಲೆಅಡಿಕೆಯ ಕೆಂಪು ಹಾಗೇ ಇತ್ತು. ತಳ ಹಾಗೇ ಕಪ್ಪಗಿತ್ತು. ಅವಳು ಕಣ್ಣು ಮುಚ್ಚದೆ, ಅಂಚಿಗೆ ಬಾಯಿಟ್ಟೇ ಕುಡಿದಳು. ನೀರು ಹೊಗೆಯ, ಮಣ್ಣಿನ ರುಚಿ ಹೊಡೆಯಿತು.

"ಭಾನುವಾರ ಬತ್ತೀಯಾ?" ಎಂದ ದುರ್ಗಯ್ಯ.

"ಬತ್ತೀನಿ. ಬರೋ ವರ್ಷ ಚೀಟಿ ಮಾತ್ರ ನಾನೇ ಬರೀತೀನಿ, ಬರೀಬೇಕು ಅನ್ನಿಸಿದ್ರೆ."

"ಕಾಲು?"

"ಭಾನುವಾರ ನೋಡ್ತೀನಿ. ಇವತ್ತು ಆಗಲ್ಲ" ಎಂದು ದಯಾವತಿ ಖಾಲಿ ಲೋಟವನ್ನು ಅವನ ಕೈಗೆ ಚಾಚಿದಳು. "ಇನ್ನೊಂದು ಲೋಟ ಕೊಡಿ."